ಸೋಫಾದ ಮೇಲಿದ್ದ ಯಜಮಾನರು

ಆಂಬುಲೆನ್ಸ್ ಸಿಸ್ಟರ್‌ಗೆ ಇಪ್ಪತ್ತು ವರ್ಷ ಸರ್ವಿಸ್. ಅವಳ ಆಫೀಸಿನಲ್ಲಿ ‘ತಪ್ಪಿನ ಪುಸ್ತಕ’ ಅಂತ ಒಂದಿದೆ. ಯಾರು ಎಡವಿದರೂ ತಾವೇ ಬರೆದು, ಸೋಮವಾರ ಎಲ್ಲರೆದುರು ಓದಬೇಕು. ಆ ಪದ್ಧತಿ ತಂದವಳೂ ಅವಳೇ. ಅದರಲ್ಲಿ ಅವಳ ಪುಟ ಮಾತ್ರ ತೊಳೆದಿಟ್ಟ ತಟ್ಟೆಯಂತೆ ಖಾಲಿ. ಆ ಖಾಲಿ ಪುಟದ ಮೇಲೆ ಅವಳಿಗಿದ್ದ ಜಂಬ, ಅಬ್ಬಬ್ಬಾ, ಹೇಳತೀರದು!

ಆ ಗುರುವಾರ ಬೆಳಿಗ್ಗೆ ಎದೆನೋವಿನ ಕರೆ ಬಂತು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆಗೆದ ಹೆಂಗಸು “ಬನ್ನಿ, ನಂಗೆ...” ಎನ್ನುವಷ್ಟರಲ್ಲಿ ಸಿಸ್ಟರ್ ಒಳಗೆ ನುಗ್ಗಿದ್ದಳು. ಸೋಫಾದ ಮೇಲೆ ದಢೂತಿ ಯಜಮಾನರೊಬ್ಬರು ಬಾಯಿ ತೆರೆದು ಗೊರಗೊರ ಸದ್ದು ಮಾಡುತ್ತಿದ್ದರು.

“ಅಯ್ಯೋ, ಉಸಿರಾಟ ನೋಡು!” ಎಂದಳು ಡ್ರೈವರ್‌ಗೆ.

“ಸಿಸ್ಟರ್, ಅವರು...” ಎಂದರು ಹೆಂಗಸು.

“ಗಾಬರಿ ಆಗ್ಬೇಡಿ ಅಮ್ಮಾ. ನೀವು ಸುಮ್ನಿರಿ, ನಾವು ನೋಡ್ಕೋತೀವಿ.”

ನೋಡಿಕೊಂಡರಲ್ಲ, ಚೆನ್ನಾಗಿಯೇ ನೋಡಿಕೊಂಡರು! ಅಲುಗಿಸಿದರೆ ಯಜಮಾನರು ಏಳಲಿಲ್ಲ. ನಿದ್ದೆ ಮಾತ್ರೆ ನುಂಗಿದ್ದರು, ಗುಡುಗಿದರೂ ಏಳುವ ಆಸಾಮಿಯಲ್ಲ. ನಾಡಿ ನಿಧಾನವಾಗಿತ್ತು, ನಿದ್ದೆ ಮಾಡುವವರ ನಾಡಿ ಇನ್ನು ಹೇಗಿರಬೇಕು? ಮೂಗಿಗೆ ಮಾಸ್ಕ್ ಹಾಕಿ, ಬೆಲ್ಟ್ ಬಿಗಿದು, ಏದುಸಿರು ಬಿಡುತ್ತಾ ಇಬ್ಬರೂ ಹೊತ್ತು ಇಳಿಸಿದರು. ಡ್ರೈವರ್‌ನ ಸೊಂಟ ಅಂದೇ ಹೋಯಿತು.

ಕೆಳಗೆ ಬಂದು ಅವನು ಕಾಗದ ತೆಗೆದ. “ಪೇಷೆಂಟ್ ಹೆಸರೇನಮ್ಮಾ?”

ಹಿಂದೆಯೇ ಮೆಟ್ಟಿಲಿಳಿದು ಬಂದ ಹೆಂಗಸು ಗಾಡಿಗೆ ಒರಗಿ ನಿಂತಿದ್ದರು. ಮೈಯೆಲ್ಲ ಬೆವರು, ಕೈಯಲ್ಲಿ ಗಂಡನ ಚಪ್ಪಲಿ. “ನಂದು ಹೇಳ್ಲಾ, ಇವರದಾ? ಎದೆ ನೋಯ್ತಿರೋದು ನಂಗೆ.”

ಸಿಸ್ಟರ್ ಗಬಕ್ಕನೆ ಹೆಂಗಸಿನ ಕೈ ಹಿಡಿದು ನಾಡಿ ನೋಡಿದಳು. ಅದೇ ಹೊತ್ತಿಗೆ ಮಾಸ್ಕಿನೊಳಗಿಂದ ದನಿ ಬಂತು: “ಏನೇ, ಕಾಫಿ ಆಯ್ತಾ?”

ಪುಣ್ಯಕ್ಕೆ ಹೆಂಗಸು ಉಳಿದುಕೊಂಡರು. “ಇವರನ್ನ ಇನ್ನೊಂದು ಮಹಡಿ ನಡೆಸಿದ್ರೆ ಕಥೆ ಬೇರೆ ಆಗ್ತಿತ್ತು” ಎಂದರು ಡಾಕ್ಟರು. “ಬದುಕಿದ್ರಲ್ಲ ಸಿಸ್ಟರ್, ನಾನಂತೂ ಬಾಯಿ ಬಿಡಲ್ಲ. ಪುಟ ಖಾಲಿ ಇರ್ಲಿ ಬಿಡಿ” ಎಂದ ಡ್ರೈವರ್. ನಿಜ ಹೇಳಬೇಕೆಂದರೆ, ಎರಡು ದಿನ ಅವಳಿಗೂ ಹಾಗೇ ಅನ್ನಿಸಿತ್ತು.

ಮನಸ್ಸು ತಡೆಯದೆ ಭಾನುವಾರ ವಾರ್ಡಿಗೆ ಹೋದಳು. “ತಪ್ಪಾಯ್ತಮ್ಮಾ. ಆದ್ರೆ ನೀವ್ಯಾಕೆ ಗಟ್ಟಿಯಾಗಿ ಹೇಳ್ಲಿಲ್ಲ?”

“ಹೇಳೋಕೆ ಬಂದೆ, ಸುಮ್ನಿರಿ ಅಂದ್ರಿ. ಮೂವತ್ತು ವರ್ಷದಿಂದ ಮನೇಲೂ ಅದೇ ಮಾತು ಕಣಮ್ಮಾ, ಅಭ್ಯಾಸ ಆಗ್ಬಿಟ್ಟಿದೆ” ಎಂದು ಅವರು ನಕ್ಕರು. ಸಿಸ್ಟರ್‌ಗೆ ನಗು ಬರಲಿಲ್ಲ, ಕಣ್ಣು ತುಂಬಿ ಬಂತು.

ಸೋಮವಾರ ಎದ್ದು ನಿಂತು ಓದಿದಳು. ಕಾಫಿಯ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಅಂತ ಬಿಟ್ಟಳು. ಆಮೇಲೆ ಕೊನೆಯ ಸಾಲು ಓದಿದಳು: “ರೋಗಿ ಹೇಳಲು ಬಂದರು. ನಾನೇ ಬಾಯಿ ಮುಚ್ಚಿಸಿದೆ.” ಯಾರೂ ನಗಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೋದರು. ಬಾಗಿಲು ತೆಗೆದದ್ದು ಒಬ್ಬ ಅಜ್ಜ. ಸಿಸ್ಟರ್ ಹೊಸ್ತಿಲಲ್ಲೇ ತುಟಿ ಕಚ್ಚಿ ನಿಂತಳು. ಅವರೇ ಮೊದಲು ಹೇಳಲಿ ಅಂತ ಉಸಿರು ಬಿಗಿಹಿಡಿದು ಕಾದಳು. ಅಜ್ಜ ಅವಳ ಕೆಂಪೇರಿದ ಮುಖವನ್ನೇ ನೋಡಿ, ಕೈ ಹಿಡಿದು ಒಳಗೆ ಕರೆದರು.

“ಬಾರಮ್ಮಾ, ಮೊದ್ಲು ಕೂತ್ಕೋ. ಎಲ್ಲಿ ನೋವು?”