ಕೃತಿಕಾಗೆ ಹೋದ ಪಾಲು

ಬಟವಾಡಿಯ ಕ್ಲಿನಿಕ್ಕಿನಿಂದ ಬೆಂಗಳೂರಿನ ಆಸ್ಪತ್ರೆಗೆ ತರುವಷ್ಟರಲ್ಲಿ ನನ್ನ ಗಂಡ ಸಂಗಮೇಶನಿಗೆ ಕಾಮಾಲೆ ತಲೆಗೇರಿತ್ತು. ನನ್ನ ಗುರುತೂ ಹತ್ತಲಿಲ್ಲ. ಬೇರೆ ಲಿವರ್ ಸಿಕ್ಕರೆ ಮಾತ್ರ ಉಳಿಯುತ್ತಾರೆ ಎಂದರು. ಅದು 2009ರ ಬೇಸಿಗೆ.

ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಕುಣಿಗಲ್ಲಿನ ಹನುಮಂತಮ್ಮ ಕೂತಿರುತ್ತಿದ್ದರು. ಮಡಿಲಲ್ಲಿ ಮಗಳು ಕೃತಿಕಾ. ಹಳದಿ ಕಣ್ಣು, ಉಬ್ಬಿದ ಹೊಟ್ಟೆ. ಅವರೂ ಕಾಯುತ್ತಿದ್ದದ್ದು ಲಿವರಿಗೇ.

ಅಪಘಾತದಲ್ಲಿ ಮಿದುಳು ಸತ್ತ ಹುಡುಗನೊಬ್ಬನ ಲಿವರ್ ಸಂಗಮೇಶನ ಸರದಿಗೆ ಬಂತು. ಡಾಕ್ಟರು ನಮ್ಮನ್ನು ಕರೆದರು.

"ಇದನ್ನ ಎರಡು ಭಾಗ ಮಾಡಬಹುದು. ಚಿಕ್ಕದು ಒಂದು ಮಗುವಿಗೆ, ದೊಡ್ಡದು ನಿಮ್ಮವರಿಗೆ. ಆಮೇಲೆ ಅದು ಬೆಳೆಯುತ್ತೆ. ಇಡಿಯಾಗಿ ಹಾಕೋದಕ್ಕಿಂತ ಅಪಾಯ ಸ್ವಲ್ಪ ಜಾಸ್ತಿ. ನೀವು ಬೇಡ ಅಂದ್ರೆ ಬೇಡ."

ಯಾವ ಮಗು ಎಂದು ಅವರು ಹೇಳಲಿಲ್ಲ. ಪಕ್ಕದ ಬೆಂಚಿನ ಕೃತಿಕಾಗೇ ಎಂದು ನಮಗೆಲ್ಲ ಗೊತ್ತಾಗಿತ್ತು, ಕೇಳಲಿಲ್ಲ.

ಗಂಡನ ಚಿಕ್ಕಪ್ಪ ರುದ್ರಯ್ಯ ಸಿಡುಕಿದರು. "ಹಾಕೋದಾದ್ರೆ ಪೂರ್ತಿ ಹಾಕ್ಲಿ. ಇದೇನ್ ಹೋಳಿಗೆನಾ, ಮುರ್ದು ಹಂಚಕ್ಕೆ?"

"ಸುಮ್ಕಿರು ರುದ್ರಯ್ಯ," ಅಂದರು ನನ್ನ ಅತ್ತೆ ತಿಪ್ಪಮ್ಮ. ಗುಬ್ಬಿಯಿಂದ ಹೋಗಿ ಮಠದ ಪಂಕ್ತಿಯಲ್ಲಿ ವರ್ಷಗಟ್ಟಲೆ ಬಡಿಸಿದವರು. "ಎದ್ರಿಗೆ ಮಗೀನ ಎಲೆ ಖಾಲಿ ಇದ್ರೆ ನಮ್ಮೆಲೆಗೆ ಕೈ ಹಾಕ್ತೀವಾ? ಯಾರೋ ಪುಣ್ಯಾತ್ಮ ಕೊಟ್ಟಿದ್ದು. ಪ್ರಸಾದ ಅದು. ಒಬ್ರೇ ಉಣ್ಣಂಗಿಲ್ಲ."

"ಅತ್ತಿಗೆ, ಇದು ಊಟ ಅಲ್ಲ ಕಣಮ್ಮ! ನಿನ್ ಮಗನ ಜೀವ!"

"ಅವಳೇನ್ ನಾಯಿ ಮರೀನಾ? ಅದೂ ಜೀವಾನೇ ಅಲ್ವಾ?"

ಲಿವರ್ ಬೆಳೆಯುತ್ತದೆ ಎಂದು ಕಾಲೇಜಿನಲ್ಲಿ ನಾನೇ ಪಾಠ ಮಾಡಿದ್ದೆ. ಅಪಾಯ ಸ್ವಲ್ಪ ಎಂದರೆ ಎಷ್ಟು ಎಂದು ಕೇಳಬೇಕೆನಿಸಿತು. ಅತ್ತೆ ನನ್ನ ಮುಖ ನೋಡುತ್ತಿದ್ದರು. ಸಹಿ ಹಾಕಿದೆ.

ಮೊದಲ ವಾರ ಸಂಗಮೇಶ ನನ್ನ ಹೆಸರು ಹಿಡಿದು ಕರೆದ. ಆಮೇಲೆ ಕೊಯ್ದ ಅಂಚಿನಿಂದ ಪಿತ್ತ ಸೋರಿತು, ಹೊಟ್ಟೆಯೊಳಗೆ ಕೀವಾಯಿತು. ಮತ್ತೆ ಕೊಯ್ದರು. ಅವನು ಏಳಲಿಲ್ಲ. ಇಡಿಯಾಗಿ ಹಾಕಿದ್ದರೆ, ಎಂದು ಡಾಕ್ಟರನ್ನು ಕೇಳಿದೆ. ಆಗಲೂ ಸೋರಬಹುದಿತ್ತು, ಹೇಳೋಕಾಗಲ್ಲ ಎಂದರು. ಗುಬ್ಬಿಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು.

ಶ್ರಾವಣದಲ್ಲಿ ಹನುಮಂತಮ್ಮ ಮಗಳನ್ನು ಕರೆದುಕೊಂಡು ಬಂದರು. ಹೊಸಿಲಲ್ಲೇ ನಿಂತು ಅತ್ತರು. ಕೃತಿಕಾ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಓಡಿದಳು. ಅತ್ತೆ ಅವಳನ್ನು ಕರೆಯಲಿಲ್ಲ, ಗದರಿಸಲೂ ಇಲ್ಲ. ಕಂಬಕ್ಕೆ ಒರಗಿ ನೋಡುತ್ತ ಕೂತರು.

ತಾಯಿ ಮಗಳು ಬಸ್ಸಿಗೆ ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದರು.

"ನೀನು ಓದ್ದೋಳು. ನಿಜ ಹೇಳು ಮಗ. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಅವ್ನು ಉಳೀತಿದ್ನಾ?"

"ಗೊತ್ತಿಲ್ಲ ಅತ್ತೆ. ಯಾರಿಗೂ ಗೊತ್ತಾಗಲ್ಲ."

"ಇದನ್ನ ಹೇಳಕ್ಕೆ ಅಷ್ಟೊಂದು ಓದ್ಬೇಕಿತ್ತಾ?"

ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.