ಬೆಟ್ಟ ಬಿಟ್ಟುಹೋದ ನೀರು

ನಮ್ಮ ಯಜಮಾನರು ತೋಕುಜಿ ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡುತ್ತಿದ್ದ ತೋಫುವಿಗೆ ಬೆಟ್ಟದ ಒರತೆಯ ನೀರೇ ಜೀವ. ಮಾವನವರ ಕಾಲದಿಂದಲೂ ಅದೇ ನೀರು. ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಬರುತ್ತದೆಂದು ಬೆಟ್ಟಕ್ಕೆ ಸುರಂಗ ಕೊರೆದರು, ಮರುವರ್ಷವೇ ಒರತೆ ಬತ್ತಿತು. ಕೇಳಲು ಹೋದರೆ ರೈಲಿನವರ ಇಂಜಿನಿಯರ್ ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕರಿಸಿ, ಈ ಸಲ ಹಿಮ ಕಡಿಮೆ ಬಿದ್ದಿದೆ, ಅದಕ್ಕೇ ಹೀಗೆ ಎಂದ. ಬಗ್ಗಿದ್ದು ಸೊಂಟ ಮಾತ್ರ. ಊರಿಗೆ ನಲ್ಲಿ ಹಾಕಿಸಿ ಕೈ ತೊಳೆದುಕೊಂಡರು.

ನಲ್ಲಿ ನೀರಿನಲ್ಲಿ ತೋಫು ಗಟ್ಟಿಯೇನೋ ಆಗುತ್ತಿತ್ತು, ಬಾಯಿಗಿಟ್ಟರೆ ಸಪ್ಪೆ. ಇವರು ಸೋಯಾ ಕಾಳು ಬದಲಾಯಿಸಿದರು, ಒಲೆ ಬದಲಾಯಿಸಿದರು, ಕೊನೆಗೆ ನನ್ನ ಮೇಲೆ ರೇಗಿದರು. ಪಕ್ಕದ ಮನೆಯ ಹಿದೆಜೋನ ಬಾಯಿಗೆ ಬೀಗವೆಲ್ಲಿದೆ?

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀರಿಗ್ಯಾಕೆ ಬೈತೀಯ ತೋಕುಜಣ್ಣ? ನಿನ್ನ ಕೈಗೆ ವಯಸ್ಸಾಯ್ತು."

ಊರೂ ಅದನ್ನೇ ಹೇಳಿತು. ಪಾಪ, ಇವರೂ ನಂಬಿಬಿಟ್ಟರು. ಅಂಗಡಿ ಮುಚ್ಚಿದರು. ಮಾವನವರು ಬಿಟ್ಟುಹೋಗಿದ್ದ ತೋಫುವಿನ ಮರದ ಅಚ್ಚುಗಳನ್ನು ಸ್ನಾನದ ಒಲೆಗೆ ಹಾಕಿದರು. ನಾನು ಎಳೆದುಕೊಳ್ಳಲು ಹೋದರೆ, ಕೈಯೇ ಹೋದ ಮೇಲೆ ಅಚ್ಚು ಯಾಕೆ ಎಂದು ನನ್ನನ್ನೇ ಪಕ್ಕಕ್ಕೆ ತಳ್ಳಿದರು.

ಈ ವಸಂತದಲ್ಲಿ ನನ್ನ ತಂಗಿಯ ಮಗಳ ಮದುವೆಗೆ ಟೋಕಿಯೊಗೆ ಹೊರಟೆವು, ಅದೇ ರೈಲಿನಲ್ಲಿ. ಬೇಡವೆಂದರೂ ಬೇರೆ ದಾರಿ ಇರಲಿಲ್ಲ. ಹಳೆಯ ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿಯಾಗಿತ್ತು. ತಿಂಡಿಯ ಗಾಡಿ ತಳ್ಳಿಕೊಂಡು ಬಂದ ಹುಡುಗಿಯಿಂದ ನಾನು ಒಂದು ಬಾಟಲಿ ನೀರು ಕೊಂಡೆ. ಇವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದರು. ಆಮೇಲೆ ಬಾಟಲಿಯನ್ನು ನನಗೆ ಕೊಟ್ಟರು.

ನನ್ನ ನಾಲಿಗೆಗೂ ಗೊತ್ತಾಯಿತು, ನಮ್ಮ ಒರತೆಯ ನೀರೇ. ಮೂವತ್ತು ವರ್ಷ ಅದೇ ನೀರಲ್ಲಿ ಅನ್ನ ಬೇಯಿಸಿದವಳು ನಾನು. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ: ಸುರಂಗದೊಳಗೆ ಜಿನುಗುವ ಶುದ್ಧ ನೀರು. ಮೇಲೆ ನಮ್ಮ ಬೆಟ್ಟದ್ದೇ ಚಿತ್ರ.

ಹಿಮ ಕಡಿಮೆ ಬಿತ್ತಂತೆ, ಹಿಮ! ಆ ಹುಡುಗಿಯನ್ನು ಕೂಗಲು ಎದ್ದೆ. ಇವರು ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಅಷ್ಟರಲ್ಲಿ ರೈಲು ಸುರಂಗ ಹೊಕ್ಕಿತು, ಕಿಟಕಿ ಕಪ್ಪಾಯಿತು. ಇವರು ಸೀಟಿನೆದುರಿನ ತಿಂಡಿ ಹಲಗೆಯ ಮೇಲೆ ಎರಡೂ ಕೈ ಹರಡಿಕೊಂಡು ನೋಡುತ್ತಲೇ ಇದ್ದರು.

"ನನ್ನ ಕೈ ಕೆಟ್ಟಿರ್ಲಿಲ್ಲ ಕಣೇ" ಎಂದರು. ಎರಡೂ ಕೈ ಮಡಿಲಿಗೆ ಎಳೆದುಕೊಂಡು, "ಅಪ್ಪನ ಅಚ್ಚು ಸುಡಬಾರ್ದಿತ್ತು."