ಕೋಣೆ ಬಾಡಿಗೆಗಿದೆ, ಕನ್ನಡದವರಿಗೆ ಮಾತ್ರ

ಬಾಡಿಗೆ ಮನೆ ಹುಡುಕುವವರ ಕಷ್ಟ ನಿಮಗೆಲ್ಲ ಗೊತ್ತು. ಕೊಡುವವರ ಕಷ್ಟವೇ ದೊಡ್ಡದು ಎಂದು ನಾವು ಮನೆ ಮಾಲೀಕರು ಹೇಳಿಕೊಂಡು ತಿರುಗುತ್ತೇವೆ. ನಾನೂ ಹಾಗೆ ಹೇಳಿದವಳೇ. ನನ್ನ ಹೆಸರು ಪಾರ್ವತಿಬಾಯಿ. ದಿಲ್‌ಸುಖ್‌ನಗರದಲ್ಲಿ ನಮ್ಮದೊಂದು ಸಣ್ಣ ಮನೆ, ಮಾಳಿಗೆಯ ಮೇಲೊಂದು ಕೋಣೆ. ಯಜಮಾನರು ಸಿದ್ದರಾಮಪ್ಪ, ಬೀದರ ಕಡೆಯವರು, ಇಲ್ಲಿ ಬಟ್ಟೆ ವ್ಯಾಪಾರ. ಈ ಕಥೆಯನ್ನು ನೀನೇ ಹೇಳು ಎಂದು ನಮ್ಮ ಸ್ವಸಹಾಯ ಗುಂಪಿನವರು ಹಟ ಹಿಡಿದರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು, ಎಲ್ಲಿ ನೋಡಿದರೂ ಕೋಣೆ ಹುಡುಕುವ ಹುಡುಗ ಹುಡುಗಿಯರು. ನಾವು ಕನ್ನಡ ಸಂಘದ ಹಲಗೆಯ ಮೇಲೆ ಚೀಟಿ ಅಂಟಿಸಿದ್ದೆವು: ‘ಕೋಣೆ ಬಾಡಿಗೆಗಿದೆ, ಕನ್ನಡದವರಿಗೆ ಮಾತ್ರ.’ ಹೊರಗೆ ಬಾಯಿ ತೆರೆದರೆ ತೆಲುಗು, ಇಲ್ಲವೇ ಹಿಂದಿ. ಮಾಳಿಗೆಯ ಮೇಲಾದರೂ ನಮ್ಮ ಮಾತಿನವರು ಇರಲಿ ಎಂಬ ಆಸೆ. ಪರ ಊರಿನಲ್ಲಿರುವ ನಮ್ಮಂಥವರಿಗೆ ಇದೊಂದು ಹುಚ್ಚು. ಮಾತು ನಮ್ಮದಾದರೆ ಮನುಷ್ಯರೂ ನಮ್ಮವರೇ ಅಂದುಕೊಂಡುಬಿಡುತ್ತೇವೆ.

ಒಂದು ಗುರುವಾರ ಫೋನು ಬಂತು.

“ಕಾಕು, ಚೀಟಿ ನೋಡಿದ್ನಿರಿ. ನನ್ನ ಹೆಸರು ಮಧುರಾ. ಯಲ್ಲಾಪುರದ ಕಡ್ಯಾಕಿ, ಧಾರವಾಡದಾಗ ಓದೀನಿ. ವಿಮಾನ ನಿಲ್ದಾಣದಾಗ ನೌಕರಿ ಸಿಕ್ಕೈತ್ರಿ. ಸೋಮವಾರ ಹಾಜರಾಗಬೇಕು, ಈ ಊರಾಗಿನ ವಿಳಾಸ ಕೊಡಬೇಕು. ಇಲ್ಲಂದ್ರ ಬ್ಯಾರೆಯವರನ್ನ ತಗೋತಾರಂತ.”

“ಅಯ್ಯ ನಮ್ಮವ್ವಾ, ಧಾರವಾಡದಾಗ ಓದೀನಿ ಅಂದಮ್ಯಾಲ ನಮ್ಮಾಕಿನ ಆದಿ! ಆಯಿತವಾರ ಮುಂಜಾನೆ ಬಾ. ರೊಟ್ಟಿ ಬಡದಿಟ್ಟಿರ್ತೀನಿ.”

ಅರ್ಧ ತಾಸು ಮಾತಾಡಿದೆವು. ಪುಂಡಿಪಲ್ಯ ಇಲ್ಲಿ ಸಿಗುತ್ತದೋ ಇಲ್ಲವೋ ಎಂದು ಕೇಳಿದಳು. ಯಜಮಾನರೂ ಫೋನು ಕಸಿದುಕೊಂಡು, “ಮಗಳಿದ್ದಂಗ ಇರವ್ವ, ಏನೂ ಅಂಜಬ್ಯಾಡ” ಎಂದರು. ಶನಿವಾರ ಸಂಜೆ ಅವಳು ಇನ್ನೊಮ್ಮೆ ಫೋನು ಮಾಡಿದಾಗಲೂ ಬಾ ಎಂದೆವು.

ಭಾನುವಾರ ಮನೆಯ ಮುಂದೆ ಆಟೋ ನಿಂತಿತು. ಎರಡು ಚೀಲ ಹಿಡಿದು ಒಬ್ಬ ಹುಡುಗಿ ಇಳಿದಳು. ದಟ್ಟ ಕಪ್ಪು ಮೈಬಣ್ಣ, ಒತ್ತಾದ ಗುಂಗುರು ಕೂದಲು. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಆಟ ಬಿಟ್ಟು, “ಹಬ್ಶಿ! ಹಬ್ಶಿ!” ಎಂದು ಕೂಗಿದವು. ಕಪ್ಪು ಮೈಯವರನ್ನು ಕಂಡರೆ ಹೀಯಾಳಿಸಲು ನಮ್ಮ ಓಣಿಯಲ್ಲಿ ಆ ಮಾತು. ಅವು ಅದನ್ನು ನಮ್ಮ ಬಾಯಿಂದಲೇ ಕಲಿತದ್ದು.

ಯಾರೋ ಆಫ್ರಿಕಾದ ವಿದ್ಯಾರ್ಥಿನಿ ಎಂದುಕೊಂಡ ಯಜಮಾನರು ಗೇಟಿನ ಅಗುಳಿ ಹಿಡಿದು ಹಿಂದಿಯಲ್ಲಿ ಗದರಿದರು. “ರೂಮ್ ನಹೀ ಹೈ, ಜಾವ್!”

“ಕಾಕಾರ, ನಾನ್ರಿ, ಮಧುರಾ. ಫೋನಿನ್ಯಾಗ ಮಾತಾಡಿದ್ನೆಲ್ರಿ.”

ಅದೇ ದನಿ, ಅದೇ ಮಾತು. ಯಜಮಾನರ ಕೈ ಮಾತ್ರ ಅಗುಳಿ ಬಿಡಲಿಲ್ಲ.

“ಕೋಣಿ... ಕೋಣಿ ಬ್ಯಾರೆಯವರಿಗೆ ಕೊಟ್ಟೀವವ್ವ. ಅವರು ನಿನ್ನೆನ ಬಂದಾರ.”

“ನಿನ್ನೆ ಸಂಜೀಕ ಫೋನ್ ಮಾಡಿದಾಗ ಬಾ ಅಂದ್ರಲ್ರಿ?”

ಅವರು ಅಗುಳಿ ಹಾಕಿ ಮುಖ ತಿರುಗಿಸಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಕೈತುಂಬ ಜೋಳದ ಹಿಟ್ಟು. ಕೋಣೆ ಖಾಲಿ ಇರುವುದು ನನಗೆ ಗೊತ್ತಿತ್ತು, ಬೆಳಿಗ್ಗೆ ನಾನೇ ಗುಡಿಸಿದ್ದೆ. ‘ಸುಳ್ಳು ಹೇಳಬ್ಯಾಡ್ರಿ, ಆಕಿ ಒಳಗ ಬರ್ಲಿ’ ಎಂದು ಹೇಳಬೇಕೆಂದುಕೊಂಡೆ. ಎದುರು ಮನೆಗಳ ಕಿಟಕಿಯಲ್ಲಿ ಜನ ಇಣುಕುತ್ತಿದ್ದರು. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಆಟೋ ಆಗಲೇ ಹೋಗಿತ್ತು. ಅವಳು ಎರಡೂ ಚೀಲ ಹೊತ್ತು ಬಿಸಿಲಲ್ಲಿ ನಡೆದು ಹೋದಳಂತೆ. ನಾನು ನೋಡಲಿಲ್ಲ, ನೋಡುವ ಮುಖ ನನಗಿರಲಿಲ್ಲ.

ಎಂಟು ದಿನ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಂಬತ್ತನೆಯ ದಿನ ಹುಸೇನಮ್ಮ ಬಂದಳು. ನಮ್ಮ ಗುಂಪನ್ನು ನಡೆಸುವವಳು ಅವಳೇ, ಆರೋಗ್ಯ ಕಾರ್ಯಕರ್ತೆ, ತವರು ಹಳಿಯಾಳ. “ಕೋಣಿಗೆ ಹುಡುಗಿ ಬರ್ತಾಳ ಅಂದಿದ್ದೆಲ್ಲ, ಎಲ್ಲಿ?” ಎಂದು ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅಲ್ಲೇ ಕುಳಿತಿದ್ದ ಯಜಮಾನರು ರೇಗಿದರು. “ನಾ ಏನು ಹೊಡದ್ನೇನು, ಬಡದ್ನೇನು? ಓಣಿ ಮಂದಿ ಏನಂತಾರ, ಅದನ್ನೂ ನೋಡಬೇಕಲ್ಲ?”

“ಬಾಗಲಾ ಹಾಕೂದು ಹೊಡಿಯೂದಕ್ಕಿಂತ ಕಡಿಮಿ ಏನ್ರಿ, ಅಣ್ಣಾರ?” ಎಂದಳು ಹುಸೇನಮ್ಮ. “ಆಕಿ ಸಿದ್ದಿ ಹುಡುಗಿ ಇರಬೇಕು. ಅವರ ಹಿರಿಯರನ್ನ ನೂರಾರು ವರ್ಷದ ಹಿಂದ ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ರು. ನಮ್ಮ ಹಳಿಯಾಳ, ಯಲ್ಲಾಪುರದ ಅಡವ್ಯಾಗ ತಲಿತಲಾಂತರದಿಂದ ಅದಾರ. ಕನ್ನಡ ನಿಮಗೆಷ್ಟೋ ಅವರಿಗೂ ಅಷ್ಟ.”

“ಹಂಗಂತ ಮೊದಲ ಗೊತ್ತಿದ್ರ...”

“ಆಕಿ ಕನ್ನಡದಾಕಿ ಅಂತ ಫೋನಿನ್ಯಾಗ ಗೊತ್ತಿತ್ತಲ್ರಿ! ಮುಖ ನೋಡಿದ ಮ್ಯಾಲ ಮರತ್ರಿ. ಇನ್ನೊಂದು ಕೇಳ್ತೀನಿ. ಆಕಿ ಸುಡಾನದಾಕಿ ಇದ್ದು, ಕನ್ನಡ ಒಂದಕ್ಷರ ಬರದಿದ್ರ, ಹಬ್ಶಿ ಅನಿಸಿಕೊಂಡು ಹೋಗೂದು ಸರಿ ಇತ್ತೇನು?”

ಹುಸೇನಮ್ಮ ನನ್ನ ಕಡೆ ತಿರುಗಿದಳು.

“ನೀ ಯಾಕ ಸುಮ್ನ ನಿಂತಿ?”

“ಮನಿ ಯಜಮಾನ್ರು ಅವರು...”

“ಅಂಗಡಿಯವನ ಜೋಡಿ ಜಗಳಾ ತಗದಾಗ ಯಜಮಾನ್ರನ್ನ ಕೇಳ್ತೀಯೇನು? ಬಾಯಿ ಐತಿ ನಿನಗ. ಬೇಕಾದ ಹೊತ್ತಿನ್ಯಾಗ ತಗೀಲಿಲ್ಲ. ಈಗಾರ ಫೋನ್ ಹಚ್ಚು.”

ಹಚ್ಚಿದೆ. ಅವಳು ಊರಿಗೆ ವಾಪಸು ಹೋಗಿದ್ದಳು.

“ಸೋಮವಾರ ವಿಳಾಸ ಕೊಡಾಕ ಆಗಲಿಲ್ರಿ, ಕಾಕು. ಎರಡು ದಿನ ಸಮಯ ಕೊಟ್ರು. ಐದು ಮನಿ ಕೇಳಿದೆ, ಯಾರೂ ಕೊಡಲಿಲ್ಲ. ಬ್ಯಾರೆಯವರನ್ನ ತಗೊಂಡ್ರು.”

ಯಜಮಾನರು ಫೋನು ತೆಗೆದುಕೊಂಡರು. “ತಪ್ಪಾತವ್ವ, ಭಾಳ ತಪ್ಪಾತು. ಕೋಣಿ ಖಾಲಿ ಐತಿ. ಬಾ.”

“ಈಗ ಬಂದು ಏನು ಮಾಡ್ಲಿರಿ, ಕಾಕಾರ? ನೌಕರಿನ ಇಲ್ಲ. ನೀವು ಅಂದದ್ದು ನನಗೇನು ಹೊಸದಲ್ರಿ, ಸಣ್ಣಾಕಿ ಇದ್ದಾಗಿಂದ ಕೇಳೀನಿ. ಕಾಕು ಏನರ ಅಂತಾರ ಅಂತ ನೋಡಿದ್ನಿ.”

ಅಷ್ಟೇ. ಫೋನು ಇಟ್ಟಳು. ಮತ್ತೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ. ಕ್ಷಮಿಸು ಎಂದು ಕೇಳುವುದು ನನ್ನ ಪಾಲಿಗೆ ಹಾಗೇ ಉಳಿದುಹೋಯಿತು.

ಕೆಲವು ತಿಂಗಳ ಮೇಲೆ ಆಫ್ರಿಕಾದ ಒಬ್ಬ ವಿದ್ಯಾರ್ಥಿ ತರಕಾರಿ ಹಿಡಿದುಕೊಂಡು ಓಣಿಯಲ್ಲಿ ಹೋಗುತ್ತಿದ್ದ. ಮಕ್ಕಳು ಮತ್ತೆ ಕೂಗಿದವು, ಕಟ್ಟೆಯ ಮೇಲೆ ಕುಳಿತ ದೊಡ್ಡವರು ನಕ್ಕರು. ಯಜಮಾನರು ಗೇಟು ತೆಗೆದು ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ, “ಇದು ತಪ್ಪು, ಮಕ್ಕಳಿಗೆ ಇಂಥಾದ್ದು ಕಲಸಬ್ಯಾಡ್ರಿ. ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ” ಎಂದರು. ನಾನೂ ಅವರ ಪಕ್ಕ ಹೋಗಿ ನಿಂತೆ. ಇಬ್ಬರು ನೆರೆಯವರು ಅಂದಿನಿಂದ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೈಬಣ್ಣ ನೋಡಿ, ಕಣ್ಣು ಮೂಗು ಕೂದಲು ನೋಡಿ ಯಾರನ್ನಾದರೂ ಹೀಯಾಳಿಸಿದರೆ, ಮನೆ ಇಲ್ಲ ಎಂದರೆ, ಪಕ್ಕದಲ್ಲಿ ಕೂರಲು ಹಿಂಜರಿದರೆ, ಅಲ್ಲೇ ಹೇಳಿ: ಇದು ತಪ್ಪು. ಹಾಗೆ ಮಾಡುವವರು ನಿಮ್ಮ ಗಂಡನಾಗಿರಲಿ, ಅತ್ತೆಯಾಗಿರಲಿ, ಮಗನೇ ಆಗಿರಲಿ. ಅವಮಾನ ಆದವರ ಪಕ್ಕಕ್ಕೆ ಹೋಗಿ ನಿಲ್ಲಿ. ಮನೆಯಲ್ಲಿ ಅಂಥ ಮಾತು ಬಂದರೆ ನಕ್ಕು ಸುಮ್ಮನಾಗಬೇಡಿ, ಮಕ್ಕಳು ಕೇಳುತ್ತಿರುತ್ತಾರೆ. ಆಮೇಲೆ ಹೇಳಿದರಾಯಿತು ಎನ್ನಬೇಡಿ. ನಾನು ಎಂಟು ದಿನ ತಡ ಮಾಡಿದೆ. ಅಷ್ಟರಲ್ಲಿ ಒಬ್ಬ ಹುಡುಗಿ ನೌಕರಿ ಕಳೆದುಕೊಂಡು ಊರಿಗೆ ಹೋಗಿದ್ದಳು.